ಕಲ್ಲುಗಳ ಸರದಿ ಕಾಯುವ ತೋರಪೇಕೈ

ಬೆಳಗಿನ ಐದು ಗಂಟೆ. ಜಲಾಲಾಬಾದಿನ ಈ ರಸ್ತೆಯಲ್ಲಿ ಇನ್ನೂ ಒಂದು ರಿಕ್ಷಾ ಕೂಡ ಓಡಿಲ್ಲ. ನೆರೆದೇಶದ ವೀಸಾ ಕಚೇರಿಯ ಗೋಡೆಯ ಬುಡದಲ್ಲಿ ಹೆಂಗಸೊಬ್ಬಳು ಕುಕ್ಕರಗಾಲಿನಲ್ಲಿ ಕೂತು ಕಲ್ಲು ಒರೆಸುತ್ತಿದ್ದಾಳೆ. ಒದ್ದೆ ಬಟ್ಟೆಯಿಂದ ಒಂದೊಂದರ ದೂಳು ತೆಗೆದು, ಅದಕ್ಕೆ ಕಟ್ಟಿರುವ ಬಟ್ಟೆಯ ಚೂರನ್ನು ಬೆರಳಿನಿಂದ ಮುಟ್ಟಿ ನೋಡಿ, ಗೋಡೆಗುಂಟ ಸಾಲಾಗಿ ಇಡುತ್ತಾಳೆ. ಇಪ್ಪತ್ತಾರು ಕಲ್ಲು. ಗೇಟಿಗೆ ಹದಿನೇಳು ದಿನಗಳಿಂದ ಬೀಗ. ಬಂದೂಕು ಹಿಡಿದ ಪಹರೆಯವನು ನೋಡುತ್ತಾನೆ, ತಡೆಯುವುದಿಲ್ಲ.

ಅವಳ ಹೆಸರು ತೋರಪೇಕೈ. ವಯಸ್ಸು ಐವತ್ತೈದೋ ಅರವತ್ತೋ, ಅವಳಿಗೇ ಗೊತ್ತಿಲ್ಲ. ಗಡಿಯಾಚೆಯ ಪೇಶಾವರದ ಆಸ್ಪತ್ರೆಗಳಿಗೆ ಹೋಗಲು ವೀಸಾ ಕೇಳಿಕೊಂಡು ಬರುವ ಹೆಂಗಸರ ಸರದಿಯನ್ನು ಹನ್ನೊಂದು ವರ್ಷಗಳಿಂದ ಅವಳೇ ಕಾಯುತ್ತಾಳೆ. ಗಂಡಸರು ರಸ್ತೆಯಲ್ಲಿ ನಿಲ್ಲುತ್ತಾರೆ. ಹೆಂಗಸರು ಗಂಟೆಗಟ್ಟಲೆ ಹಾಗೆ ನಿಲ್ಲುವಂತಿಲ್ಲ, ಕಾಯಿಲೆಯವರಿಗಂತೂ ಆಗುವುದೇ ಇಲ್ಲ. ಅವರ ಬದಲಿಗೆ ಕಲ್ಲು ನಿಲ್ಲುತ್ತದೆ. ಪ್ರತಿಯೊಬ್ಬಳೂ ತನ್ನ ಹಳೆಯ ಉಡುಪಿನ ಅಂಚು ಹರಿದು ಕಲ್ಲಿಗೆ ಸುತ್ತಿ ತೋರಪೇಕೈ ಕೈಗೆ ಕೊಟ್ಟು, ಕಿತ್ತಳೆ ಮರದ ಹಿಂದಿನ ಓಣಿಯಲ್ಲಿ ಹೋಗಿ ಕೂರುತ್ತಾಳೆ. ಓದು ಬಾರದ ತೋರಪೇಕೈಗೆ ಬಟ್ಟೆಯೇ ಹೆಸರು. ಎಡಗಣ್ಣು ಮಂಜಾಗಿರುವುದರಿಂದ ನೋಡುವುದಕ್ಕಿಂತ ಮುಟ್ಟಿಯೇ ಹೆಚ್ಚು ಗುರುತು ಹಿಡಿಯುತ್ತಾಳೆ.

ಆ ಕಣ್ಣಿನ ಆಪರೇಷನ್ನಿಗೆಂದೇ ಅವಳು ಮೊದಲ ಸಲ ಇಲ್ಲಿಗೆ ಬಂದಿದ್ದು. ಗೇಟು ತೆಗೆದಾಗ ಆದ ನೂಕಾಟದಲ್ಲಿ ಬಿದ್ದಳು, ಎರಡು ಪಕ್ಕೆಲುಬು ಮುರಿದವು. "ಪೇಶಾವರ ಆಮೇಲೆ ನೋಡಿಲ್ಲ. ಹಿಂದೆ ಅಲ್ಲಿ ನಿರಾಶ್ರಿತರ ಶಿಬಿರದಲ್ಲಿ ಹದಿನೆಂಟು ವರ್ಷ ರೊಟ್ಟಿ ಸುಟ್ಟವಳು ನಾನು" ಎನ್ನುತ್ತಾಳೆ. "ಗುಣವಾದ ಮೇಲೆ ಕಲ್ಲು ತಂದಿಟ್ಟೆ. ಮೊದಲು ನಕ್ಕರು. ಕಲ್ಲು ಯಾರನ್ನೂ ತಳ್ಳಲ್ಲ ನೋಡು, ಆಮೇಲೆ ಒಪ್ಪಿದರು."

ಸಾಮಾನ್ಯ ದಿನಗಳಲ್ಲಿ ಮೂವತ್ತರಿಂದ ನಲವತ್ತು ಕಲ್ಲು. ಮೂರು ಮೈಲಿ ನಡೆದು ಬಂದು ನಾಲ್ಕೂವರೆಗೆ ಹಾಜರು. ಕೂಲಿ ಇಷ್ಟೇ ಎಂದಿಲ್ಲ. ಒಬ್ಬಳು ರೊಟ್ಟಿ ಕೊಡುತ್ತಾಳೆ, ಇನ್ನೊಬ್ಬಳು ಹಸಿರು ಚಹಾದ ಪೊಟ್ಟಣ. ನಿಯಮವಿರುವುದು ಒಂದೇ. ಮೊದಲ ಕಲ್ಲು ಯಾವಾಗಲೂ ಎಲ್ಲರಿಗಿಂತ ಹೆಚ್ಚು ಕಾಯಿಲೆಯಿರುವವರದು. ಅದು ಯಾರೆಂದು ತೋರಪೇಕೈ ಹೇಳುತ್ತಾಳೆ. ಗೊಣಗುವವರು ಗೊಣಗುತ್ತಾರೆ, ಮೀರಿದವರಿಲ್ಲ.

ಕಿಟಕಿಯ ಒಳಗಿದ್ದ ಗುಮಾಸ್ತ ಫರ್ಮಾನ್ ಗಡಿಯಾಚೆಯವನು. ಎಲ್ಲರ ಬೈಗುಳ ಅವನಿಗೇ. ತೋರಪೇಕೈಗೆ ಮಾತ್ರ ದಿನಾ ಅವನೊಡನೆ ಜಗಳವಾಡದಿದ್ದರೆ ಬೆಳಗಾಗುತ್ತಿರಲಿಲ್ಲ.

"ಏನು ಚಿಕ್ಕಮ್ಮ, ಇವತ್ತು ಕಲ್ಲಿಗೂ ವೀಸಾ ಬೇಕಾ?"

"ಕೇಳಿದ್ರೆ ಅದಕ್ಕೂ ನಾಲ್ಕು ಫೋಟೋ ತಾ ಅಂತೀಯ, ಗೂಬೆ. ಕಿಟಕಿ ತೆಗಿ."

ಹದಿನೇಳು ದಿನಗಳ ಹಿಂದೆ ಸಿಬ್ಬಂದಿಯನ್ನು ಕರೆತರುತ್ತಿದ್ದ ವ್ಯಾನಿನ ಮೇಲೆ, ಎರಡು ರಸ್ತೆ ಆಚೆ, ಮೋಟಾರ್‌ಸೈಕಲ್ಲಿನಲ್ಲಿ ಬಂದವರು ಗುಂಡು ಹಾರಿಸಿದರು. ಡ್ರೈವರ್ ಸತ್ತ, ಫರ್ಮಾನ್ ಸತ್ತ. ಯಾರು ಕೊಂದರೆಂದು ಇಂದಿಗೂ ಗೊತ್ತಿಲ್ಲ. ನಮ್ಮವರನ್ನು ನೀವು ಕಾಪಾಡಲಿಲ್ಲ ಎಂದು ಆ ದೇಶ ಹೇಳುತ್ತದೆ. ಕೊಂದವರು ನಿಮ್ಮ ಕಡೆಯಿಂದಲೇ ಬಂದವರು ಎಂದು ಈ ದೇಶ. ರಾಯಭಾರಿಗಳು ವಾಪಸಾಗಿದ್ದಾರೆ. ತೋರ್ಖಮ್ ಗಡಿ ಮುಚ್ಚಿದೆ.

"ಗಡಿಯಲ್ಲಿ ನಿಂತ ಟ್ರಕ್ಕಿನ ದಾಳಿಂಬೆ ಕೊಳೆತದ್ದನ್ನ ರೇಡಿಯೋದಲ್ಲಿ ದಿನಾ ಹೇಳ್ತಾರೆ" ಎನ್ನುತ್ತಾಳೆ ತೋರಪೇಕೈ. "ನನ್ನ ಹೆಂಗಸರ ಸುದ್ದಿ ಯಾರು ಹೇಳ್ತಾರೆ?"

ದಾಳಿಯ ಹಿಂದಿನ ದಿನ ಸಾಲಿನಲ್ಲಿ ಮೂವತ್ತೊಂಬತ್ತು ಕಲ್ಲುಗಳಿದ್ದವು. ಖೋಗ್ಯಾಣಿ ಕಡೆಯ ಬಖ್ತಾವರಳ ಕಲ್ಲು ಎಲ್ಲಕ್ಕಿಂತ ಹಿಂದೆ. ಅವಳ ಮಗಳು ಸ್ಪೋಜ್ಮಯ್‌ಗೆ ಏಳು ವರ್ಷ, ಹೃದಯದಲ್ಲಿ ರಂಧ್ರ. ಹತ್ತು ಹೆಜ್ಜೆ ನಡೆದರೆ ತುಟಿ ನೀಲಿಯಾಗುತ್ತದೆ. ತೋರಪೇಕೈ ಆ ತುಟಿ ನೋಡಿದಳು, ಕಲ್ಲನ್ನು ಎತ್ತಿ ಮೊದಲಿಗೆ ಇಟ್ಟಳು. ಮೊದಲ ಜಾಗ ಕಳೆದುಕೊಂಡ ಪಿತ್ತಕೋಶದ ಕಾಯಿಲೆಯ ಮುದುಕಿ, "ನಿನಗೆ ಕಣ್ಣಷ್ಟೇ ಅಲ್ಲ, ನ್ಯಾಯವೂ ಮಂಜು" ಎಂದು ಬೈದು, ಕಲ್ಲು ಕಿತ್ತುಕೊಂಡು ಮನೆಗೆ ಹೋದಳು.

ಅಂದು ಕಿಟಕಿ ಹನ್ನೆರಡು ಪಾಸ್‌ಪೋರ್ಟ್ ತೆಗೆದುಕೊಂಡಿತು. ಸ್ಪೋಜ್ಮಯ್‌ದು ಮೊದಲನೆಯದು. ಹನ್ನೆರಡೂ ಈಗ ಬೀಗದ ಒಳಗಿವೆ. ಬೈದ ಮುದುಕಿಯ ಪಾಸ್‌ಪೋರ್ಟ್ ಅವಳ ಕೈಯಲ್ಲೇ ಉಳಿಯಿತು. ಮಗ ಅವಳನ್ನು ಕಾಬೂಲಿನಿಂದ ಬೇರೆ ದೇಶಕ್ಕೆ ಕರೆದೊಯ್ದು ಆಪರೇಷನ್ ಮಾಡಿಸಿದ್ದಾನೆ.

ಈ ಶನಿವಾರ ಒಂದು ಸೇವಾಸಂಸ್ಥೆಯವರು ಕಾಬೂಲಿನಿಂದ ಹತ್ತು ಮಕ್ಕಳನ್ನು ಹೃದಯದ ಚಿಕಿತ್ಸೆಗೆ ಹೊರಗೆ ಕರೆದೊಯ್ಯುತ್ತಾರೆ. ಪಟ್ಟಿಯಲ್ಲಿ ಸ್ಪೋಜ್ಮಯ್ ಹೆಸರಿದೆ. ಪಾಸ್‌ಪೋರ್ಟ್ ತಂದರೆ ಸೀಟು, ಇಲ್ಲದಿದ್ದರೆ ಮುಂದಿನ ಮಗುವಿಗೆ. ಹೊಸದು ಮಾಡಿಸಲು ನಾಲ್ಕು ತಿಂಗಳು ಬೇಕು. ಅಷ್ಟು ದಿನ ಮಗು ಉಳಿಯುವುದಿಲ್ಲ ಎಂದು ಇಲ್ಲಿನ ವೈದ್ಯರು ಹೇಳಿದ್ದಾರೆ. ಇವತ್ತು ಗುರುವಾರ.

ಎಂಟು ಗಂಟೆಗೆ ಬಖ್ತಾವರ ಬರುತ್ತಾಳೆ. ಮಗು ಅವಳ ಹೆಗಲ ಮೇಲೆ ಮಲಗಿದೆ.

"ಎಲ್ಲರೂ ಹೇಳಿದ್ದರು, ನಿನ್ನ ಕೈಗುಣ ಒಳ್ಳೇದು ಅಂತ" ಎನ್ನುತ್ತಾಳೆ. ದನಿಯಲ್ಲಿ ಸಿಟ್ಟಿಲ್ಲ.

"ಬೈಯಮ್ಮ. ಬೈದುಬಿಡು."

"ಬೈದರೆ ಗೇಟು ತೆಗೀತದಾ ಚಿಕ್ಕಮ್ಮ? ನನ್ನ ಕಲ್ಲು ಹಿಂದೇನೇ ಬಿಟ್ಟಿದ್ದರೆ ಆಗ್ತಿತ್ತು. ಅಷ್ಟೇ."

ತೋರಪೇಕೈ ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದು ಉಜ್ಜುತ್ತಾಳೆ. ಪಾದ ತಣ್ಣಗಿದೆ.

ಗೇಟು ತೆರೆದ ದಿನ ಮತ್ತೆ ನೂಕಾಟವಾಗಬಾರದೆಂದು ದಿನಾ ಕಲ್ಲು ಜೋಡಿಸುತ್ತೇನೆ ಎಂದು ಅವಳು ಎಲ್ಲರಿಗೂ ಹೇಳುತ್ತಾಳೆ. ನಮಗೆ ಬೇರೆಯದನ್ನೂ ಹೇಳಿದಳು. "ಗೇಟು ತೆಗೆಯೋದು ಬೇಡ. ಆ ದೊಡ್ಡವರು ಎಷ್ಟು ವರ್ಷ ಬೇಕಾದ್ರೂ ಜಗಳ ಆಡಿಕೊಳ್ಳಲಿ. ನನಗೆ ಒಂದು ಪುಸ್ತಕ ಸಾಕು. ಅಂಗೈಯಷ್ಟು ಪುಸ್ತಕ." ಒಳಗೆ ಕಾವಲಿಗೆ ಒಬ್ಬನನ್ನು ಬಿಟ್ಟುಹೋಗಿದ್ದಾರೆ ಎಂದು ಪಹರೆಯವನು ಹೇಳುತ್ತಾನೆ. ಸಂಜೆ ಮಹಡಿಯ ಪರದೆ ಅಲ್ಲಾಡುವುದನ್ನು ಓಣಿಯ ಹೆಂಗಸರು ಕಂಡಿದ್ದಾರೆ.

ಈಗ ತೋರಪೇಕೈ ಎದ್ದು ಗೇಟಿನ ಹತ್ತಿರ ಹೋಗುತ್ತಾಳೆ. ಪಹರೆಯವನು ಬಂದೂಕನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿ, ಮುಖ ತಿರುಗಿಸಿಕೊಳ್ಳುತ್ತಾನೆ. ಅರ್ಜಿ ತೂರಿಸುತ್ತಿದ್ದ ಸಂದಿಗೆ ಅವಳು ಬಾಯಿ ಇಡುತ್ತಾಳೆ.

"ಅಣ್ಣಾ, ಒಳಗಿದ್ದೀಯಾ? ಮೇಜಿನ ಮೇಲೆ ಹನ್ನೆರಡು ಇರ್ತವೆ. ಮೊದಲನೇದು ಒಂದನ್ನ ಈ ಸಂದಿಯಿಂದ ಹೊರಗೆ ಹಾಕು."

ಕಿವಿಯನ್ನು ಕಬ್ಬಿಣಕ್ಕೆ ಒತ್ತಿ ನಿಲ್ಲುತ್ತಾಳೆ. ರಸ್ತೆಯಲ್ಲಿ ಎರಡು ರಿಕ್ಷಾ ಹೋಗುತ್ತವೆ. ಆಮೇಲೆ ಇನ್ನೊಮ್ಮೆ, ಮೊದಲಿಗಿಂತ ಮೆಲ್ಲಗೆ:

"ಅದರಲ್ಲಿ ಮಗುವಿನ ಫೋಟೋ ಇದೆ ಅಣ್ಣಾ, ಹುಡುಕೋದು ಕಷ್ಟ ಅಲ್ಲ. ಹೊರಗೆ ಹಾಕು."