ಹಸಿರು ಚುಕ್ಕೆಯ ಚಕ್ರಗಳು

ಚಕ್ರದಣ್ಣ ಎಂದರೆ ಆ ಬೀದಿಯಲ್ಲಿ ನಿನ್ನೆ ಹುಟ್ಟಿದ ಕೂಸಿಗೂ ಗೊತ್ತು. ಗಿರಣಿ ಮುಚ್ಚಿದ ಮೇಲೆ ಎರಡು ವರ್ಷ ಕೆಲಸವಿಲ್ಲದೆ ಕೂತಿದ್ದ ಪುಣ್ಯಾತ್ಮನ ಬಳಿ ಒಂದು ಹಳೇ ಬಿಳಿ ಕಾರಿತ್ತು. ಬೀದಿಯಲ್ಲಿ ಇದ್ದವೆಲ್ಲ ಹೆಚ್ಚುಕಡಿಮೆ ಅದೇ ಮಾದರಿಯವು. ಆದರೆ ಉಳಿದವರು ಶೋಕಿಗೆ ಬಿದ್ದು, ಮೂಲ ಚಕ್ರಗಳನ್ನು ಗುಜರಿಗೆ ಹಾಕಿ, ಕಾರಿನ ಮೈಯಿಂದ ನಾಲ್ಕು ಬೆರಳು ಆಚೆ ಚಾಚುವ ಅಗಲದ ಚಕ್ರ ಹಾಕಿಸಿಕೊಂಡಿದ್ದರು. ಅಂಥದ್ದು ವರ್ಷದ ತಪಾಸಣೆಯಲ್ಲಿ ಪಾಸಾಗುವುದಿಲ್ಲ. ಆಗ ನೆನಪಾಗುತ್ತಿದ್ದವನು ಇವನು. "ಅಣ್ಣಾ, ಒಂದು ಬೆಳಗಿನ ಮಟ್ಟಿಗೆ ಕೊಡು" ಅಂದರೆ ಸಾಕು, ತನ್ನ ಕಾರನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ ನಾಲ್ಕೂ ಬಿಚ್ಚಿಕೊಡುತ್ತಿದ್ದ. ಬಿಟ್ಟಿ! ಅದಲುಬದಲು ಆಗದಿರಲಿ ಎಂದು ಪ್ರತಿ ಚಕ್ರಕ್ಕೂ ಒಂದು ಹಸಿರು ಚುಕ್ಕೆ ಬೇರೆ ಇಟ್ಟಿದ್ದ. ಜಾಣತನವಂತೆ, ಜಾಣತನ!

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಹೆಂಡತಿ ಗೊಣಗುತ್ತಿದ್ದಳು. ಕಳೆದ ತಿಂಗಳು ಅವಳ ತಮ್ಮನೇ ಅದೇ ಚಕ್ರ ಹಾಕಿಕೊಂಡು ಪಾಸಾಗಿ ಬಂದಾಗ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಕೊನೆಗೂ ಚಕ್ರದಣ್ಣನಿಗೆ ಕೆಲಸ ಸಿಕ್ಕಿತು. ಸ್ವಂತ ಕಾರಿನಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಕರೆತಂದು ಬಿಡುವುದು. ಸಂಜೆಯೊಳಗೆ ತಪಾಸಣೆಯ ಚೀಟಿ ತೋರಿಸಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ. ಬೆಳಿಗ್ಗೆಯೇ ಕಾರು ತೊಳೆದು, ಬಾಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಪಾಸಣಾ ಕೇಂದ್ರಕ್ಕೆ ಹೊರಟ.

ಇನ್ಸ್‌ಪೆಕ್ಟರ್ ಬ್ರೇಕ್ ನೋಡಿದ, ದೀಪ ನೋಡಿದ, ಹೊಗೆ ನೋಡಿದ. ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತವನು ನಗತೊಡಗಿದ.

"ಬಂತಪ್ಪಾ ಹಸಿರು ಚುಕ್ಕೆ! ಕೆಂಪು ಕಾರಲ್ಲಿ ನೋಡಿದೀನಿ, ನೀಲಿ ಕಾರಲ್ಲಿ ನೋಡಿದೀನಿ. ಯಾರ ಹತ್ರ ಎರವಲು ತಂದೆ?"

"ಸಾರ್, ಇವು ನನ್ನವೇ. ಅವರೆಲ್ಲ ನನ್ನ ಹತ್ರ ಇಸ್ಕೊಂಡು ಹೋಗ್ತಿದ್ರು."

"ಹೌದಾ? ಇಸ್ಕೊಂಡೋರಲ್ಲಿ ಒಬ್ಬ ಬಂದು ಹೂಂ ಅನ್ಲಿ, ಈಗ್ಲೇ ಪಾಸ್ ಮಾಡ್ತೀನಿ. ಅವನ ಚೀಟಿ ಮಾತ್ರ ಹರಿದು ಹಾಕ್ತೀನಿ."

ಚಕ್ರದಣ್ಣ ಬಾಮೈದನ ಕಡೆ ತಿರುಗಿದ. "ಹೇಳಪ್ಪಾ. ನಿಮ್ಮಕ್ಕನ ಮುಖ ನೋಡಿಯಾದ್ರೂ ಹೇಳು."

"ಏನ್ ಹೇಳ್ಲಿ ಭಾವ? ನನಗೇನ್ ಗೊತ್ತು? ಸಾರ್, ನಾನು ಸುಮ್ನೆ ಜೊತೆಗೆ ಬಂದೋನು."

ಇನ್ಸ್‌ಪೆಕ್ಟರಿಗೆ ಎಲ್ಲ ಅರ್ಥವಾಗಿತ್ತು. ಬೇಜಾರಲ್ಲಿದ್ದವನಿಗೆ ಪುಕ್ಕಟೆ ತಮಾಷೆ. ಚಕ್ರ ಎರವಲಿನದು ಎಂದು ಬರೆದು, ಆರು ತಿಂಗಳು ಈ ಕಾರು ಗೇಟಿನೊಳಗೆ ಬರಕೂಡದೆಂದು ಮೊಹರು ಒತ್ತಿದ. ಗೇಟಿನ ಬಳಿ ನಿಂತು ನೋಡುತ್ತಿದ್ದವರಲ್ಲಿ ನಾಲ್ಕೈದು ಮಂದಿ ಆ ಚಕ್ರಗಳ ಮೇಲೆ ಪಾಸಾದವರೇ. ಒಬ್ಬನೂ ಬಾಯಿ ಬಿಡಲಿಲ್ಲ. ಥೂ, ಇವರ ಜನ್ಮಕ್ಕಿಷ್ಟು!

ಸಂಜೆ ಬಾಮೈದ ನಾಚಿಕೆಯಿಲ್ಲದೆ ಬಂದು ಚಹಾ ಕುಡಿದ.

"ಆಸ್ಪತ್ರೆ ಕೆಲಸ ನನಗೆ ಕೊಟ್ರು ಭಾವ. ಚೀಟಿ ಇತ್ತಲ್ಲ. ಆದ್ರೆ ಅಗಲದ ಚಕ್ರ ಬೇಡ್ವಂತೆ, ಗಾಲಿಕುರ್ಚಿ ಹತ್ತಿರಕ್ಕೆ ಬರಲ್ವಂತೆ. ಹೇಗಿದ್ರೂ ನಿಮ್ಮ ಕಾರು ನಿಂತೇ ಇರುತ್ತೆ..."

ಚಕ್ರದಣ್ಣ ಹೆಂಡತಿಯ ಕಡೆ ನೋಡಿದ. ಒಂದೇ ಒಂದು ಸಲ ಅವಳು ಬೇಡ ಅನ್ನಲಿ ಎಂದು ಅವನ ಜೀವ ಹಪಹಪಿಸಿತು. ಅವಳು ಲೋಟ ತೊಳೆಯುತ್ತ, ತಿರುಗದೆ ಹೇಳಿದಳು. "ಕೊಡ್ರೀ. ಊರೋರಿಗೆಲ್ಲ ಕೊಟ್ರಿ, ನನ್ನ ತಮ್ಮನಿಗೆ ಇಲ್ಲ ಅಂತೀರಾ?"

ಅವನು ಹೊರಗೆ ಹೋಗಿ ಇಟ್ಟಿಗೆ ಜೋಡಿಸಿ ಜಾಕ್ ಇಟ್ಟ. ನಾಲ್ಕನೆಯದು ಬಿಚ್ಚುವ ಹೊತ್ತಿಗೆ ಬಾಮೈದ ಬಾಗಿಲಿಗೆ ಬಂದು ನಿಂತ.

"ಹಾಗೇ ಆ ಚುಕ್ಕೆ ಅಳಿಸಿಬಿಡಿ ಭಾವ. ಇನ್ಮೇಲೆ ಯಾರಾದ್ರೂ ನೋಡಿ ಎರವಲು ಅಂದ್ಕೊಂಡಾರು."

ಚಕ್ರದಣ್ಣ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಕೂತು ನಾಲ್ಕನ್ನೂ ಒರೆಸಿಕೊಟ್ಟ.