ಸ್ಕ್ಯಾನರಿನ ಮಡಿ

ಅಪ್ಪ ದಿನಕ್ಕೆ ಓದುತ್ತಿದ್ದುದು ಒಂದೇ ಪುಟ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ಮಡಿಪಂಚೆಯಲ್ಲಿ ನಡುಮನೆಗೆ ಬಂದು, ತಮ್ಮ ತಂದೆಯಿಂದ ಬಂದ ಪುರಾಣದ ಪೋಥಿಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲಾಗಿ ಇಡುತ್ತಿದ್ದರು. ಮಗಳಾದ ನಾನು ಆಚೆ ಕುರ್ಚಿಯಲ್ಲಿ ಕುಳಿತು ಕೀಲಿ ಒತ್ತುತ್ತಿದ್ದೆ. ಮಡಿಯಲ್ಲಿರದ ನಾನು ಪೋಥಿಯನ್ನು ಮುಟ್ಟುವಂತಿರಲಿಲ್ಲ. ಮಡಿಯಲ್ಲಿದ್ದ ಅವರು ನನ್ನ ಕಂಪ್ಯೂಟರನ್ನು ಮುಟ್ಟುವಂತಿರಲಿಲ್ಲ. ಹೀಗೆ ಕೆಲಸ ಹಂಚಿಕೆಯಾಗಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾವಿದ್ದುದು ಚಿತ್ತಾಪುರದಲ್ಲಿ. ಅಪ್ಪ ಅಲ್ಲಿನ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದು ನಿವೃತ್ತರಾಗಿದ್ದರು. ನಾನು ವಿಶ್ವವಿದ್ಯಾಲಯದ ಓದು ಮುಗಿಸಿ, ಸೇಡಂನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ವಾಡಿ ಕಡೆಯಿಂದ ಬರುವ ಪ್ಯಾಸೆಂಜರ್ ರೈಲಿನಲ್ಲಿ ಬೆಳಿಗ್ಗೆ ಹೋಗಿ, ಸಂಜೆ ಬಸ್ಸಿಗೋ ರೈಲಿಗೋ ಮರಳುವುದು. ನಿವೃತ್ತರಾದ ಮರುವರ್ಷವೇ ಅಪ್ಪನ ದೃಷ್ಟಿಯ ನಡುಭಾಗ ಮಸುಕಾಯಿತು. ಹೈದರಾಬಾದಿನ ಡಾಕ್ಟರು ಇನ್ನು ಯಾವ ಕನ್ನಡಕದಿಂದಲೂ ಪ್ರಯೋಜನವಿಲ್ಲ, ಅಂಚಿನ ದೃಷ್ಟಿ ಉಳಿಯುತ್ತದೆ ಎಂದರು. ಅಕ್ಷರ ಅಂಗೈ ಅಗಲವಾದರೆ ಅಪ್ಪ ಮುಖ ಓರೆ ಮಾಡಿ, ಕಣ್ಣಿನ ಅಂಚಿನಿಂದ ಓದಬಲ್ಲವರಾಗಿದ್ದರು. ಸ್ಕ್ಯಾನ್ ಆದ ಪುಟವನ್ನು ನಾನು ಕಂಪ್ಯೂಟರಿನ ತೆರೆಯ ಮೇಲೆ ಅಷ್ಟು ದೊಡ್ಡದು ಮಾಡಿ ತೋರಿಸುತ್ತಿದ್ದೆ.

"ಗುಬ್ಬಿ ಕಾಳ ನೋಡಿಧಂಗ ನೋಡ್ತೀರಿ," ಎಂದು ಅಮ್ಮ ನಗುತ್ತಿದ್ದಳು.

"ಗುಬ್ಬಿಗೆ ಕಾಳ ಸಿಗ್ತದಲ್ಲ, ಸಾಕು," ಎನ್ನುತ್ತಿದ್ದರು ಅಪ್ಪ.

ಸ್ಕ್ಯಾನರು ಹಳೆಯದು. ಕಲಬುರಗಿಯಲ್ಲಿ ಮುಚ್ಚಿಹೋದ ಒಂದು ಡಿಟಿಪಿ ಅಂಗಡಿಯಿಂದ ತಂದದ್ದು. ಊಟದ ಮಣೆಗಿಂತ ದೊಡ್ಡದು, ಎತ್ತಲು ಇಬ್ಬರು ಬೇಕು. ಅದನ್ನು ನಡುಮನೆಯ ಶಹಾಬಾದ್ ಫರಸಿಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ್ದೆವು. ಹೊಸ ಸ್ಕ್ಯಾನರುಗಳ ಗಾಜು ಚಿಕ್ಕದು. ಪೋಥಿಯ ಅಡ್ಡ ಸಾಲುಗಳು ಅದರಲ್ಲಿ ಅರ್ಧಕ್ಕೇ ತುಂಡಾಗುತ್ತಿದ್ದವು. ಪೋಥಿಯ ಹೊಲಿಗೆ ಬಿಚ್ಚುವ ಮಾತನ್ನು ನಾನು ಎತ್ತಲೇ ಇಲ್ಲ.

ಇನ್ನೊಂದು ಮಾತು ಎತ್ತಿದ್ದೆ. ಇಡೀ ಪೋಥಿಯನ್ನು ಒಂದೇ ವಾರದಲ್ಲಿ ಸ್ಕ್ಯಾನ್ ಮಾಡಿಟ್ಟರೆ ಮುಂದೆ ಯಂತ್ರ ಕೆಟ್ಟರೂ ಚಿಂತೆಯಿಲ್ಲ ಎಂದಿದ್ದೆ.

ಅಪ್ಪ, "ನಿನ್ನಿ ಮಾಡಿಟ್ಟ ಅನ್ನ ಇವತ್ತ ನೈವೇದ್ಯಕ್ಕ ಬರ್ತದೇನು?" ಎಂದರು.

"ಅನ್ನ ಹಳಸ್ತದ್ರಿ. ಚಿತ್ರ ಹಳಸಂಗಿಲ್ಲ."

"ಚಿತ್ರ ಹಳಸಂಗಿಲ್ಲ, ಖರೇ. ನಾ ಪೋಥಿ ತಗೀಲಾರದ ಚಿತ್ರ ನೋಡ್ತಾ ಕೂತ್ರ ಅದು ಪಾರಾಯಣ ಆಗಂಗಿಲ್ಲ. ಇವತ್ತಿನ ಪುಟಾ ಇವತ್ತ ಪೋಥಿಯಿಂದ ಬರಬೇಕು."

ಅವರ ಮಟ್ಟಿಗೆ ಅದು ಸರಿಯಾದ ಲೆಕ್ಕವೇ ಆಗಿತ್ತು. ಆದರೆ ಅದರಿಂದ ಅಪ್ಪನ ಓದು ದಿನದಿನವೂ ಆ ಒಂದು ಯಂತ್ರ ನಡೆಯುವುದನ್ನು ಅವಲಂಬಿಸಿತು. ಯಂತ್ರ ನಡೆಯುವುದು ಅದರ ಡ್ರೈವರನ್ನು ಅವಲಂಬಿಸಿತ್ತು.

ಡ್ರೈವರ್ ಎಂದರೆ ಒಂದು ಸಣ್ಣ ಪ್ರೋಗ್ರಾಂ. ಕಂಪ್ಯೂಟರಿನ ಮಾತನ್ನು ಸ್ಕ್ಯಾನರಿಗೂ ಸ್ಕ್ಯಾನರಿನ ಮಾತನ್ನು ಕಂಪ್ಯೂಟರಿಗೂ ಹೇಳುವುದು ಅದರ ಕೆಲಸ. ನಮ್ಮ ಮನೆಯ ಕಂಪ್ಯೂಟರನ್ನು ನಡೆಸುತ್ತಿದ್ದುದು ಲಿನಕ್ಸ್, ಯಾರು ಬೇಕಾದರೂ ತಿದ್ದಬಹುದಾದ ವ್ಯವಸ್ಥೆ. ಅದರ ಡ್ರೈವರುಗಳನ್ನೂ, ಅವೆಲ್ಲ ಹಂಚಿಕೊಂಡು ಬಳಸುವ ಲೈಬ್ರರಿ ಎಂಬ ಪ್ರೋಗ್ರಾಂ ಸಂಗ್ರಹಗಳನ್ನೂ ನೋಡಿಕೊಳ್ಳುವವರು ಬೇರೆ ಬೇರೆ ದೇಶಗಳಲ್ಲಿ ತಮ್ಮ ಬಿಡುವಿನಲ್ಲಿ ಕೆಲಸ ಮಾಡುವ ಜನ. ವಿದ್ಯಾರ್ಥಿಯಾಗಿದ್ದಾಗಲೇ ನಾನು ಸ್ಕ್ಯಾನರುಗಳ ಲೈಬ್ರರಿಗೆ ಸಣ್ಣಪುಟ್ಟ ತಿದ್ದುಪಡಿ ಕಳಿಸುತ್ತಿದ್ದೆ. ಹೊರಗಿನವರಿಗೆ ಹೇಳಿಕೊಳ್ಳುವಂಥ ಕೆಲಸವಲ್ಲ. ಲೈಬ್ರರಿಯಲ್ಲಿ ಯಾರೋ ಒಂದು ಕಡೆ ಏನನ್ನೋ ಬದಲಿಸಿದರೆ, ಅದನ್ನು ನೆಚ್ಚಿಕೊಂಡ ಡ್ರೈವರುಗಳೆಲ್ಲ ಅದಕ್ಕೆ ತಕ್ಕಂತೆ ಬದಲಾಗಬೇಕು. ಬದಲಿಸಿ, ಕಂಪ್ಯೂಟರಿಗೆ ತಿಳಿಯುವ ರೂಪಕ್ಕೆ ಕಂಪೈಲ್ ಮಾಡಿ, ಬಂದ ಎಚ್ಚರಿಕೆಗಳನ್ನು ಓದಿ, ಯಂತ್ರಕ್ಕೆ ಹಚ್ಚಿ ನೋಡಿ, 'ನಡೆಯುತ್ತದೆ' ಎಂದು ಒಂದು ಸಾಲು ಬರೆಯಬೇಕು. ಅಕ್ಕಿ ಆರಿಸುವ ಹಾಗೆ. ಕಲ್ಲು ಸಿಗದ ದಿನವೂ ಆರಿಸುವುದು ತಪ್ಪುವುದಿಲ್ಲ. ನನಗೆ ಅದು ಹಿಡಿಸಿತ್ತು. ಯಾರೊಂದಿಗೂ ಹೆಚ್ಚು ಮಾತಾಡಬೇಕಿರಲಿಲ್ಲ.

ಆ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಡ್ರೈವರಿನ ಮೇಲ್ವಿಚಾರಕರಿಂದ ಪತ್ರ ಬಂತು. ಉತ್ತರದ ಯಾವುದೋ ಚಳಿ ದೇಶದವರು, ನಾನು ಮುಖ ಕಂಡವರಲ್ಲ. ತಮ್ಮ ಸ್ಕ್ಯಾನರು ಕೆಟ್ಟುಹೋಗಿದೆ, ಪರೀಕ್ಷಿಸುವವರಿಲ್ಲದ ಡ್ರೈವರನ್ನು ಇಟ್ಟುಕೊಳ್ಳುವುದು ಸರಿಯಲ್ಲ, ಮುಂದಿನ ಆವೃತ್ತಿಯಿಂದ ತೆಗೆದುಹಾಕುತ್ತೇವೆ, ಯಾರ ಬಳಿಯಾದರೂ ಆ ಯಂತ್ರವಿದ್ದು ಪ್ರತಿ ಸಲವೂ ಪರೀಕ್ಷಿಸುವುದಾದರೆ ತಿಳಿಸಿ ಎಂದು ಎಲ್ಲರಿಗೂ ಬರೆದಿದ್ದರು.

ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡು ಒಂದೆರಡು ವರ್ಷ ತಳ್ಳಬಹುದಿತ್ತು. ಆದರೆ ನಮ್ಮ ಕಂಪ್ಯೂಟರೂ ಮುದಿಯಾಗಿತ್ತು. ಅದು ನಿಂತ ದಿನ ಹೊಸದು ಬರುತ್ತದೆ, ಹೊಸದರಲ್ಲಿ ಹಳೆಯ ಆವೃತ್ತಿ ನಡೆಯುವುದಿಲ್ಲ. ನಾನು, ನನ್ನಲ್ಲಿ ಯಂತ್ರವಿದೆ, ಪರೀಕ್ಷಿಸುತ್ತೇನೆ ಎಂದು ಉತ್ತರ ಬರೆದೆ. ಒಳ್ಳೆಯದು, ಸೆಪ್ಟೆಂಬರ್ ಒಳಗೆ ಫಲಿತಾಂಶ ಕಳಿಸಿ ಎಂದರು.

ಪರೀಕ್ಷೆ ಶುರು ಮಾಡಿದ ವಾರವೇ ಪುಟದ ಬಲಭಾಗದಲ್ಲಿ ಬೂದುಬಣ್ಣದ ಪಟ್ಟಿಯೊಂದು ಕಾಣಿಸಿಕೊಂಡಿತು. ಪಟ್ಟಿಯ ಕೆಳಗಿನ ಅಕ್ಷರಗಳು ನೀರಿನಲ್ಲಿ ನೆನೆದಂತೆ ಹರಡಿಕೊಂಡಿದ್ದವು. ಅಪ್ಪ ಸಾಲಿನ ಕೊನೆಗೆ ಬಂದು ತಡವರಿಸುತ್ತಿದ್ದರು. ನೆನಪಿದ್ದ ಕಡೆ ನೆನಪಿನಿಂದ ಮುಗಿಸುತ್ತಿದ್ದರು, ಇಲ್ಲದ ಕಡೆ ಮತ್ತೆ ಸಾಲಿನ ಮೊದಲಿಗೆ ಹೋಗುತ್ತಿದ್ದರು.

ಸಂಜೆ ನಾನು ಕಾಲೇಜಿನಿಂದ ಬಂದು ಅದೇ ಯಂತ್ರದಲ್ಲಿ ವಿದ್ಯಾರ್ಥಿಗಳ ಉತ್ತರಪತ್ರಿಕೆಯ ಹಾಳೆಯನ್ನಿಟ್ಟು ನೋಡಿದರೆ ಪಟ್ಟಿ ಇರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಇರುತ್ತಿತ್ತು. ಮೊದಲು ವಾಡಿಯ ಸಿಮೆಂಟ್ ಧೂಳೆಂದುಕೊಂಡೆ. ಆದರೆ ಧೂಳು ಸಂಜೆಗೆ ತಾನಾಗಿ ಎದ್ದುಹೋಗುವುದಿಲ್ಲ. ಆಮೇಲೆ ಬೆಳಗಿನ ವೋಲ್ಟೇಜ್ ಇರಬಹುದೆಂದು ತೋರಿತು. ಕರೆಂಟ್ ಮಂದವಾಗಿದ್ದರೆ ಸ್ಕ್ಯಾನರಿನ ದೀಪ ಬೇಗ ಬಿಸಿಯಾಗುವುದಿಲ್ಲ, ಡ್ರೈವರ್ ಅದಕ್ಕೆ ಕಾಯದೆ ಚಿತ್ರ ತೆಗೆಯುತ್ತಿದೆ. ದೀಪ ಬಿಸಿಯಾಗಲು ಇನ್ನಷ್ಟು ಹೊತ್ತು ಕಾಯುವಂತೆ ಡ್ರೈವರನ್ನು ತಿದ್ದಿದೆ. ಪಟ್ಟಿ ಕಡಿಮೆಯಾಯಿತು. ಇನ್ನೂ ಕಾಯಿಸಿದೆ, ಇನ್ನೂ ಕಡಿಮೆಯಾಯಿತು. ಕಾರಣ ಸಿಕ್ಕಿತೆಂದು ತಿದ್ದುಪಡಿಯನ್ನು ಕಳಿಸಿಬಿಟ್ಟೆ.

ಉತ್ತರ ಸೌಜನ್ಯದಿಂದಲೇ ಇತ್ತು. ಇಷ್ಟು ಹೊತ್ತು ಕಾಯುವುದು ಬೇರೆ ಯಾವ ಡ್ರೈವರಿನಲ್ಲೂ ಇಲ್ಲ. ಡ್ರೈವರ್ ಈ ಸ್ಥಿತಿಗೆ ಬಂದಿದ್ದರೆ ತೆಗೆದುಹಾಕುವುದೇ ಮೇಲೆಂದು ತಮಗೆ ತೋರುತ್ತದೆ, ಸೆಪ್ಟೆಂಬರಿನವರೆಗೆ ನೋಡೋಣ ಎಂದಿದ್ದರು.

ಅಪ್ಪನಿಗೆ ಹೇಳಿದೆ. ಅವರಿಂದ ಮುಚ್ಚಿಡುವ ಅಭ್ಯಾಸ ನಮ್ಮ ಮನೆಯಲ್ಲಿರಲಿಲ್ಲ.

"ತಗದಹಾಕಿದ್ರ ಹಾಕ್ಲಿ ಬಿಡು. ನೀ ಓದು, ನಾ ಕೇಳ್ತೀನಿ," ಎಂದರು.

"ನಾ ಓದಿದ್ರ ನಡೀತದೇನ್ರಿ?"

"ನಡೀಲಾರದೇನು. ಕೇಳೋದೂ ಪುಣ್ಯನ."

ಅಡುಗೆಮನೆಯಿಂದ ಅಮ್ಮ, "ಏನ್ ಕೇಳ್ತೀರಿ? ನಾ ಕಾಯಿಪಲ್ಯ ತರ್ರಿ ಅಂದದ್ದ ಒಂದ ದಿನ ಕೇಳಿಲ್ಲ," ಎಂದಳು.

ಅಪ್ಪ ನಕ್ಕರು. ಆದರೆ ಮರುದಿನ ಅವರು ಎಂದಿಗಿಂತ ಬೇಗ ಬಂದು ಕಟ್ಟೆಯ ಪಕ್ಕ ನಿಂತಿದ್ದರು. ಮೂವತ್ತು ವರ್ಷ ಹುಡುಗರಿಗೆ, ಯಾರ ಬಾಯಿಂದ ಕೇಳಿದರೂ ಕೊನೆಗೆ ತಾನೇ ಕಣ್ಣಿಟ್ಟು ಓದಬೇಕು ಎಂದು ಹೇಳಿಕೊಂಡು ಬಂದವರು ಅವರು. ಕೇಳುವುದೂ ಪುಣ್ಯವೆಂದದ್ದು ನನ್ನ ಸಮಾಧಾನಕ್ಕೆ.

ಆಗಸ್ಟಿನಲ್ಲಿ ಅಮ್ಮ ಚಿಂಚೋಳಿಗೆ ಹೋದಳು. ಅವಳ ತಂಗಿಯ ಮನೆಯಲ್ಲಿ ನಾಮಕರಣ ಇತ್ತು. ಅವಳಿಲ್ಲದ ದಿನಗಳಲ್ಲಿ ಅಪ್ಪ ತಾವೇ ನೀರು ಕಾಯಿಸಿಕೊಂಡರು, ನಾನು ಅನ್ನ, ತೊವ್ವೆ ಮಾಡಿದೆ. ಆ ದಿನಗಳಲ್ಲಿ ಪಟ್ಟಿ ಬರಲಿಲ್ಲ. ಒಂದು ಬೆಳಿಗ್ಗೆ ಬಾರದಿದ್ದಾಗ ವೋಲ್ಟೇಜ್ ಸುಧಾರಿಸಿದೆ ಎಂದುಕೊಂಡೆ. ಮತ್ತೂ ಬಾರದಿದ್ದಾಗ, ಕಾಯುವ ಹೊತ್ತನ್ನು ಮೊದಲಿನಷ್ಟಕ್ಕೇ ಇಳಿಸಿ ನೋಡಿದೆ. ಆಗಲೂ ಪುಟ ಕೊನೆಯ ಅಕ್ಷರದವರೆಗೆ ತಿಳಿಯಾಗಿ ಬಂತು. ಅಪ್ಪ ಎಲ್ಲೂ ತಡವರಿಸದೆ ಓದಿದರು.

ಅಮ್ಮ ಬಂದ ಮರುದಿನ ಬೆಳಿಗ್ಗೆ ಪಟ್ಟಿಯೂ ಬಂತು.

ಅದರ ಮಾರನೆಯ ದಿನ ನಾನು ಬೆಳಕು ಹರಿಯುವಾಗಲೇ ಎದ್ದು ನಡುಮನೆಗೆ ಬಂದೆ. ಅಮ್ಮ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಕಟ್ಟೆಯ ಮುಂದೆ ನಿಂತಿದ್ದಳು. ಕೈಯಲ್ಲಿ ತಂಬಿಗೆ, ಅದರಲ್ಲಿ ತುಳಸಿ ದಳ. ಸ್ಕ್ಯಾನರಿನ ಮುಚ್ಚಳ ತೆರೆದು, ಬೆರಳಿನಿಂದ ಗಾಜಿನ ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಅಂಚಿನವರೆಗೆ ಒರೆಸುತ್ತಿದ್ದಳು. ದೇವರ ಕಟ್ಟೆಯನ್ನು ಒರೆಸುವಷ್ಟೇ ಶ್ರದ್ಧೆಯಿಂದ.

"ಏನ್ ಮಾಡ್ಲಿಕತ್ತೀ ಅಮ್ಮಾ?"

"ದೂರ ನಿಂದ್ರು, ಮಡೀಲಿದ್ದೀನಿ."

"ದೂರನ ಇದ್ದೀನಿ. ದಿನಾ ಹಿಂಗ ಮಾಡ್ತಿ?"

"ಮಾಡ್ಲಾರದ ಮತ್ತ? ಮದಲ ನಿಮ್ಮಪ್ಪ ಗಾಜಿಗೆ ಮೈಲಿಗಿ ಇಲ್ಲ ಅಂದ್ರು, ಸುಮ್ಮನಿದ್ದೆ. ಈಗ ನೀ ಸಂಜೀಕ ದಿನಾ ಯಾರ್ಯಾರದೋ ಪರೀಕ್ಷಾದ ಕಾಗದಾ ಇದರ ಮ್ಯಾಲ ಇಡ್ಲಿಕತ್ತೀ. ಯಾವ ಹುಡುಗ ಎಂಜಲ ಹಚ್ಚಿ ಹಾಳಿ ತಿರುವಿರ್ತಾನೋ. ಅದರ ಮ್ಯಾಲ ಪೋಥಿ ಇಡೋದು ಹ್ಯಾಂಗ?"

ಡ್ರೈವರನ್ನು ಉಳಿಸಲೆಂದು ನಾನು ಸಂಜೆ ಪರೀಕ್ಷೆ ಮಾಡುತ್ತಿದ್ದೆ. ನನ್ನ ಪರೀಕ್ಷೆಯ ಮೈಲಿಗೆ ತೊಳೆಯಲು ಅವಳು ಬೆಳಿಗ್ಗೆ ನೀರು ಹಾಕುತ್ತಿದ್ದಳು. ಆ ನೀರು ಅಂಚಿನ ಸಂದಿಯಿಂದ ಗಾಜಿನ ಕೆಳಗಿಳಿದು, ದೀಪ ಹತ್ತಿದೊಡನೆ ಮಂಜಾಗಿ ಕೂರುತ್ತಿತ್ತು. ಕಾಯಿಸಿದಷ್ಟೂ ದೀಪದ ಕಾವಿಗೆ ಒಂದಿಷ್ಟು ಆರುತ್ತಿತ್ತು. ಸಂಜೆಗೆ ಪೂರ್ತಿ ಒಣಗಿರುತ್ತಿತ್ತು.

ಅಮ್ಮನಿಗೆ ಇಷ್ಟನ್ನೂ ಹೇಳಿದೆ. ಅವಳು ತಂಬಿಗೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ಅಂದ್ರ ಇವರಿಗೆ ಕಾಣಸ್ಲಾರಧಂಗ ಮಾಡಿದ್ದು ನಾನೇನು?"

"ನೀ ಒಬ್ಬಾಕಿ ಅಲ್ಲ. ಇಬ್ರೂ ಕೂಡಿ ಮಾಡೀವಿ."

ಅಪ್ಪ ಬಚ್ಚಲಿನಿಂದ ಬರುವಾಗ ಅದೆಲ್ಲ ಕಿವಿಗೆ ಬಿದ್ದಿತ್ತು. ಅವರು ಗದರಲಿಲ್ಲ. ಗೋಡೆಗೆ ಕೈಯಿಟ್ಟು ನಿಂತು ಯೋಚಿಸಿದರು.

"ರೇಷ್ಮಿಗೆ ನೀರ ಬೇಕೇನ?" ಎಂದು ಅಮ್ಮನನ್ನು ಕೇಳಿದರು.

"ರೇಷ್ಮಿಗೆ ಯಾಕ ನೀರು? ರೇಷ್ಮಿ ಒಣಾನ ಮಡಿ."

"ಹಂಗಾರ ಗಾಜಿನ ಮ್ಯಾಲ ರೇಷ್ಮಿ ಹಾಸು. ನಾ ಬಂದ ಮ್ಯಾಲ ನಾನ ಅದರಿಂದನ ಒರಸಿ ಪೋಥಿ ಇಡ್ತೀನಿ. ನೀರಿನ ಕೆಲಸ ಇಲ್ಲ."

ಅಮ್ಮ ಒಪ್ಪುವ ಮುಂಚೆ ಧಾಬಳಿಯನ್ನೂ ಪ್ರಯತ್ನಿಸಿದಳು. ಉಣ್ಣೆಯ ಆ ಮಡಿವಸ್ತ್ರಕ್ಕೂ ನೀರು ಬೇಡ, ರೇಷ್ಮೆ ಕತ್ತರಿಸುವುದೂ ತಪ್ಪುತ್ತದೆ ಎಂದು ಅವಳ ಲೆಕ್ಕ. ಧಾಬಳಿಯ ಎಳೆಗಳು ಗಾಜಿಗಂಟಿ, ಮರುದಿನದ ಪುಟದ ತುಂಬ ಕೂದಲಿನಂಥ ಗೆರೆಗಳು ಮೂಡಿದವು. ಅಪ್ಪ ಅವನ್ನು ಕೊಂಬು, ದೀರ್ಘಗಳೆಂದು ಓದಿ, ತಾವೇ ನಕ್ಕು ನಿಲ್ಲಿಸಿದರು. ಅವತ್ತು ಮಧ್ಯಾಹ್ನ ಅಮ್ಮ ಟ್ರಂಕಿನಿಂದ ತನ್ನ ಹಳೆಯ ರೇಷ್ಮೆ ಸೀರೆಯೊಂದನ್ನು ತೆಗೆದು, ಗಾಜಿನ ಅಳತೆಗೆ ಕತ್ತರಿಸಿ ಅಂಚು ಹೊಲಿದಳು. ನಾನು ನನ್ನ ಕಾಲೇಜಿನ ಹಾಳೆಗಳನ್ನು ಬಿಟ್ಟು, ಒಂದು ಹೊಸ ಬಿಳಿ ಹಾಳೆಯ ಮೇಲೆ ಗೆರೆ ಎಳೆದು ಪರೀಕ್ಷೆಗೆ ಅದನ್ನೇ ಬಳಸತೊಡಗಿದೆ.

ಮೇಲ್ವಿಚಾರಕರಿಗೆ ಬರೆಯುವುದು ಉಳಿದಿತ್ತು. ತಿದ್ದುಪಡಿಯನ್ನು ಹಿಂತೆಗೆದುಕೊಳ್ಳುತ್ತೇನೆ, ಡ್ರೈವರಿನಲ್ಲಿ ದೋಷವಿಲ್ಲ, ನನ್ನ ಯಂತ್ರದ ಗಾಜಿನ ಕೆಳಗೆ ತೇವವಿತ್ತು ಎಂದಷ್ಟೇ ಬರೆದು, ಹೊಸ ಫಲಿತಾಂಶಗಳನ್ನು ಜೊತೆಗಿಟ್ಟೆ. ಅವರು ಬಿಡಲಿಲ್ಲ. ದಿನವೂ ಬೆಳಿಗ್ಗೆ ಮಾತ್ರ ತೇವ ಬರುವುದು ಹೇಗೆ ಎಂದು ಕೇಳಿದರು. ಮಡಿಯನ್ನು ಅವರ ಭಾಷೆಯಲ್ಲಿ ಹೇಗೆ ಹೇಳಬೇಕೆಂದು ಬಹಳ ಹೊತ್ತು ಯೋಚಿಸುತ್ತಾ ಕುಳಿತೆ. ಕೊನೆಗೆ, ಈ ಯಂತ್ರದ ಮೇಲೆ ಪ್ರತಿದಿನ ಒಂದು ಪವಿತ್ರ ಗ್ರಂಥವನ್ನು ಇಡುತ್ತಾರೆ, ಅದಕ್ಕೆ ಮೊದಲು ನನ್ನ ತಾಯಿ ಯಂತ್ರವನ್ನು ನೀರಿನಿಂದ ಶುದ್ಧಗೊಳಿಸುತ್ತಿದ್ದರು, ಈಗ ಒಣ ಬಟ್ಟೆಯಿಂದ ಆಗುತ್ತದೆ ಎಂದು ಬರೆದೆ. ಓದುವವರ ಕಣ್ಣಿನ ವಿಷಯ ಬರೆಯಲಿಲ್ಲ. ಅದು ನಮ್ಮ ಮನೆಯ ವಿಷಯ.

ಎರಡು ಸಾಲಿನ ಉತ್ತರ ಬಂತು. ಫಲಿತಾಂಶ ಸರಿಯಾಗಿದೆ, ಡ್ರೈವರ್ ಉಳಿಯುತ್ತದೆ. ಪರೀಕ್ಷಿಸುವವರಿಗೆ ಕೊಡುವ ಸೂಚನೆಗಳಲ್ಲಿ 'ಗಾಜು ಒಣಗಿರಲಿ' ಎಂದು ಸೇರಿಸಿದ್ದೇನೆ.

ಅಮ್ಮನಿಗೆ ಓದಿ ಹೇಳಿದೆ. "ನನ್ನ ಹೆಸರ ಹಾಕ್ಯಾರೇನು?" ಎಂದಳು.

"ಇಲ್ಲ."

"ಚೊಲೋ ಆತು."

ಹೊಸ ಆವೃತ್ತಿಯ ಸಿ.ಡಿ. ಕೈಗೆ ಬಂದಾಗ ದೀಪಾವಳಿ ಮುಗಿದಿತ್ತು. ರವಿವಾರ ಅದನ್ನು ಹಾಕಿ, ಸೋಮವಾರ ಬೆಳಿಗ್ಗೆ ಕಾದೆ. ಅಪ್ಪ ರೇಷ್ಮೆಯನ್ನು ಮಡಚಿ ಗಾಜು ಒರೆಸಿದರು, ಪೋಥಿ ಇಟ್ಟರು. ನಾನು ಕೀಲಿ ಒತ್ತಿದೆ. ದೀಪ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಯಿತು. ಪುಟ ತೆರೆಯ ಮೇಲೆ ಬಂದಾಗ ಅವರು ಮುಖ ಓರೆ ಮಾಡಿ ಓದಲು ತೊಡಗಿದರು. ನಾನು ಅವರ ದನಿಗೆ ಸರಿಯಾಗಿ ಸಾಲುಗಳನ್ನು ಸರಿಸುತ್ತಾ ಹೋದೆ. ಅವರು ಎಲ್ಲೂ ತಡವರಿಸಲಿಲ್ಲ.

ಪುಟ ಮುಗಿಯಿತು. ಎಂದಿನಂತೆ ಅವರು ಕೈಮುಗಿದು ಪೋಥಿ ಎತ್ತಬೇಕಿತ್ತು. ಎತ್ತಲಿಲ್ಲ.

"ನಿನ್ನ ರೈಲಿಗೆ ಹೊತ್ತಾತೇನವಾ?"

ಗಡಿಯಾರ ನೋಡಿದೆ. ಹೊರಡುವ ಹೊತ್ತೇ ಆಗಿತ್ತು.

"ಯಾಕ್ರಿ?"

"ಏನಿಲ್ಲ. ಕಥಿ ನಡುವ ನಿಂತದ. ಇನ್ನೊಂದ ಪುಟಾ ಆಗ್ತದೇನು?"

"ಬಸ್ಸಿಗೆ ಹೋಗ್ತೀನಿ," ಎಂದೆ. "ತಿರುವ್ರಿ."