ನೀರಣ್ಣನ ಮೇಲೆ ನಾನೂರು ಸಹಿ

ಕೆಳಬೀದಿಯಲ್ಲಿ ಅವನ ನಿಜವಾದ ಹೆಸರು ಕೇಳಿದವರೇ ಇಲ್ಲ. ಇಪ್ಪತ್ತೆರಡು ವರ್ಷದಿಂದ ನೀರು ಬಿಡುವವನು, ಹಾಗಾಗಿ ನೀರಣ್ಣ. ವಾಲ್ವ್ ತಿರುಗಿಸುವ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಐದೂವರೆಗೆ ಮೇಲಿನ ಬೀದಿ, ಏಳಕ್ಕೆ ಕೆಳಬೀದಿ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಗೆ ನೆಂಟರು ಬಂದಿದ್ದಾರೆ ಎಲ್ಲ ಅವನಿಗೆ ಬಾಯಿಪಾಠ; ಅಂಥ ದಿನ ಹತ್ತು ನಿಮಿಷ ಹೆಚ್ಚಿಗೆ ಬಿಡುತ್ತಿದ್ದ.

ಕೆಳಬೀದಿಯ ವಾಲ್ವ್ ಮಾತ್ರ ಉಲ್ಟಾ. ಹಳೇ ಕಾಲದ್ದು, ಬಲಕ್ಕೆ ತಿರುಗಿಸಿದರೆ ತೆರೆಯುತ್ತದೆ, ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ.

ವಾರ್ಡಿನ ಚುನಾವಣೆಯ ಫಲಿತಾಂಶ ಬಂದ ಮರುದಿನ ಅವನು ಎಂದಿನಂತೆ ಬಗ್ಗಿ ಕೀಲಿಯನ್ನು ಬಲಕ್ಕೆ ತಿರುಗಿಸಿದ. ಮಹಡಿ ಮೇಲಿಂದ ಯಾರೋ ಹನ್ನೊಂದು ಸೆಕೆಂಡು ವಿಡಿಯೋ ಮಾಡಿದರು. ಅದರಲ್ಲಿ ಕಂಡದ್ದು ಒಂದು ಬೆನ್ನು, ಒಂದು ಟೊಪ್ಪಿ, ತಿರುಗುವ ಕೀಲಿ. ಕೆಳಗೆ ಬರೆದಿತ್ತು: “ಗೆದ್ದವರಿಗೆ ಓಟು ಹಾಕದ ಬೀದಿ. ನೋಡಿ, ನೀರು ಬಂದ್ ಮಾಡ್ತಿದ್ದಾರೆ.”

ಒಂಬತ್ತಕ್ಕೆ ಅವನ ಮನೆ ಬಾಗಿಲಲ್ಲಿ ಮೂವತ್ತು ಜನ. ಮುಂದೆ ನಿಂತಿದ್ದವಳು ಮೂಲೆಮನೆಯ ದರ್ಜಿಯಮ್ಮ. ಬಟ್ಟೆ ಒಗೆದ ಕೈ ಇನ್ನೂ ಒದ್ದೆ.

“ಯಾರು ಹೇಳಿದ್ರು ನೀರಣ್ಣ, ನಮ್ಮ ನೀರು ನಿಲ್ಸು ಅಂತ?”

“ನಿಮ್ಮನೇಲಿ ಬಂತೋ ಇಲ್ವೋ ಅಕ್ಕಾ?”

“ಬಂತು. ಡ್ರಮ್ಮೂ ತುಂಬ್ತು.”

“ಮತ್ತೆ?”

“ನಮ್ಮನೆಗೆ ಬಂದ್ರೆ ಎಲ್ಲರಿಗೂ ಬಂದಂಗಾ? ವಿಡಿಯೋ ಸುಳ್ಳು ಹೇಳುತ್ತಾ?”

ಪಕ್ಕದವನ ಮಾತೂ ಅದೇ. ತನ್ನ ಮನೆಗೆ ಬಂದಿದೆ, ಬೇರೆಯವರಿಗೆ ಬಂದಿಲ್ಲವಂತೆ. ಆ ಬೇರೆಯವರು ಮೂವತ್ತು ಜನರಲ್ಲಿ ಒಬ್ಬರೂ ಇರಲಿಲ್ಲ.

ಹನ್ನೊಂದಕ್ಕೆ ಕಚೇರಿಯಿಂದ ಕರೆ ಬಂತು. ಫೋನಿನಲ್ಲಿ ವಿಷಯ ತಿಳಿದ ಮಗಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದ ಊರಿನಿಂದ ಓಡಿಬಂದಿದ್ದಳು. ಅವಳೂ ಅವನ ಜೊತೆ ಕಚೇರಿಗೆ ನಡೆದಳು; ಮುಖದಲ್ಲಿ ರಕ್ತವಿಲ್ಲ. ಪಾಪ, ನನ್ನ ಕೆಲಸ ಹೋಗುತ್ತದೆಂದು ಹೆದರಿದ್ದಾಳೆ ಅಂದುಕೊಂಡ.

ಎಂಜಿನಿಯರು ವಿಡಿಯೋವನ್ನು ಮೂರು ಸಲ ನೋಡಿದರು. “ಈ ವಾಲ್ವ್ ಉಲ್ಟಾ ಅಂತ ನಂಗೊತ್ತು ಕಣಯ್ಯಾ. ಬದಲಾಯಿಸಿ ಅಂತ ನಾನೇ ಬರೆದು ನಾಲ್ಕು ವರ್ಷ ಆಯ್ತು.”

“ಹಂಗಾದ್ರೆ ಅವರಿಗೆ ಹೇಳಿ ಸಾರ್.”

“ಹೇಳ್ದೆ. ನಾನೂ ಗೆದ್ದವರ ಕಡೆಯವನಂತೆ.” ಪರದೆಯನ್ನು ಅವನತ್ತ ತಿರುಗಿಸಿದರು. “ನಿನ್ನನ್ನ ತೆಗೀಬೇಕು ಅಂತ ಫೋನಲ್ಲೇ ಸಹಿ ಹಾಕಿದ್ದಾರೆ. ಮೂರು ಗಂಟೇಲಿ ನಾನೂರು ಜನ. ಮೇಲಿನವರು ವಾಲ್ವ್ ನೋಡಲ್ಲ, ತಲೆ ಎಣಿಸ್ತಾರೆ. ಕೀಲಿ ಇಟ್ಟು ಹೋಗು.”

ನೀರಣ್ಣ ಪರದೆಯನ್ನೇ ನೋಡಿದ. ಕೆಳಬೀದಿಯಲ್ಲಿರುವುದೇ ಅರವತ್ತು ಮನೆ. ತನ್ನ ನೀರು ಕುಡಿಯದವರಿಗೂ ತನ್ನ ಮೇಲೆ ಎಂಥ ಹಗೆ?

“ಸಾರ್,” ಎಂದಳು ಮಗಳು. “ಮುನ್ನೂರ ತೊಂಬತ್ತೊಂಬತ್ತು ಅಂತ ಬರ್ಕೊಳ್ಳಿ. ಆ ನಾನೂರರಲ್ಲಿ ಒಂದು ನಂದು.”

ಇಬ್ಬರೂ ತಿರುಗಿದರು.

“ತಾಯಂದಿರ ಗ್ರೂಪಲ್ಲಿ ಬಂತು. ಎಳೆ ಮಕ್ಕಳಿರೋ ಮನೆಗೂ ನೀರಿಲ್ಲ ಅಂತಿತ್ತು. ಹಾಲು ಕುಡಿಸ್ತಾ ಒತ್ಬಿಟ್ಟೆ. ಯಾವ ಬೀದಿ ಅಂತಿರಲಿಲ್ಲ, ಮುಖಾನೂ ಕಾಣ್ಲಿಲ್ಲ ಅಪ್ಪಾ.”

ಬೆಳಿಗ್ಗೆ ಮೂವತ್ತು ಜನರೆದುರು ನೆಟ್ಟಗೆ ನಿಂತಿದ್ದವನು ಈಗ ಗೋಡೆ ಹಿಡಿದುಕೊಂಡ.

“ಬೆನ್ನು ಕಂಡಿತ್ತಲ್ಲ ಮಗಾ,” ಎಂದ.

“ವಾಪಸ್ ತಗೊಳ್ಳೋಕೆ ಅದರಲ್ಲಿ ಗುಂಡಿ ಇಲ್ಲಮ್ಮ,” ಎಂದರು ಎಂಜಿನಿಯರು.

“ಹಾಗಾದ್ರೆ ಕಾಗದ ಕೊಡಿ. ಕೈಯಲ್ಲೇ ಬರ್ದುಕೊಡ್ತೀನಿ.” ಅವಳು ಕೂಸನ್ನು ಅಪ್ಪನತ್ತ ಚಾಚಿದಳು. ಅವನು ಹೆಗಲಿನ ಕೀಲಿಯನ್ನು ಮೇಜಿನ ಮೇಲಿಟ್ಟು ಮೊಮ್ಮಗುವನ್ನು ಎತ್ತಿಕೊಂಡ.